ಸೊನ್ನೆ ಅಂಕದ ಗಾಡಿ

ಫೆಬ್ರವರಿಯ ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ಬೋಗಾದಿಯ ಚಲುವಮ್ಮ ಜಯಲಕ್ಷ್ಮಿಪುರಂನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವಾಗ, ಚೆಂಡುಹೂವಿನ ಹಾರ ಕಟ್ಟಿದ ಶವವಾಹನವೊಂದು ಎದುರಿನ ರಸ್ತೆಯಲ್ಲಿ ಹಾದುಹೋಯಿತು. ಆಕೆ ಅಳು ನುಂಗಿ, ಚಪ್ಪಲಿ ಬಿಟ್ಟು ಕೈಮುಗಿದಳು. ಬಾಗಿಲಲ್ಲಿದ್ದ ಇನ್‌ಸ್ಪೆಕ್ಟರ್ ಮೃತ್ಯುಂಜಯ ಟೋಪಿ ತೆಗೆದು ನಿಂತರು. ಯಾವ ಜೀವವೋ, ಶಿವನ ಪಾದ ಸೇರಲಿ ಎಂದುಕೊಂಡರು.

"ಮಗಳು ಪ್ರೀತಿ ರಾತ್ರಿ ಪಾಳಿ ಮುಗಿಸ್ಕಂಡು ಬರ್ನೇ ಇಲ್ಲ ಸಾ," ಎಂದಳು ಚಲುವಮ್ಮ.

ಹತ್ತೊಂಬತ್ತರ ಹುಡುಗಿ, ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ. ಬೆಳಗಿನ ಜಾವ ಬಸ್ಸಿಳಿದದ್ದನ್ನು ಗೆಳತಿಯರು ನೋಡಿದ್ದರು. ನಿಲ್ದಾಣದಿಂದ ಮನೆಗೆ ನಾಲ್ಕು ಹೆಜ್ಜೆ, ಅಷ್ಟರಲ್ಲೇ ಕಾಣೆ. ಎಫ್‌ಐಆರ್ ದಾಖಲಾಯಿತು. ಅದೇ ಬಡಾವಣೆಯಿಂದ ಈ ಹಿಂದೆ ಇಬ್ಬರು ಹೆಣ್ಣುಮಕ್ಕಳು ಹೀಗೆಯೇ ಕಾಣೆಯಾಗಿದ್ದರು. ಇಬ್ಬರ ಮೊಬೈಲೂ ಕೊನೆಗೆ ಸಿಗ್ನಲ್ ಕೊಟ್ಟದ್ದು ರಾಜ್ಯದ ಗಡಿಯ ಬಳಿ.

ಮೃತ್ಯುಂಜಯ ಗಡಿ ಅಪಾಯ ವಿಶ್ಲೇಷಣಾ ವಿಭಾಗಕ್ಕೆ ಹೋದರು. ಗಡಿ ದಾಟುವ ಪ್ರತಿ ವಾಹನಕ್ಕೂ ಅಲ್ಲಿನ ಕಂಪ್ಯೂಟರ್ ಅಪಾಯದ ಅಂಕ ಕೊಡುತ್ತದೆ. ಹೆಚ್ಚು ಅಂಕದ್ದನ್ನು ಚೆಕ್‌ಪೋಸ್ಟಿನವರು ತಡೆಯುತ್ತಾರೆ, ಉಳಿದವನ್ನು ಬಿಡುತ್ತಾರೆ. ಹಿಂದಿನ ಇಬ್ಬರು ಕಾಣೆಯಾದ ದಿನಗಳಲ್ಲಿ ಹೆಚ್ಚು ಅಂಕ ಪಡೆದಿದ್ದ ಗಾಡಿಗಳನ್ನೆಲ್ಲ ವಿಶ್ಲೇಷಕಿ ಲಾಸ್ಯ ತೋರಿಸಿದಳು. ಒಂದರಲ್ಲೂ ಹುರುಳಿರಲಿಲ್ಲ.

"ಕಮ್ಮಿ ಅಂಕದ್ದು?"

"ಅವನ್ನ ಯಾರೂ ನೋಡಲ್ಲ ಸಾರ್."

"ಈಗ ನೋಡಮ್ಮ."

ಎರಡೂ ದಿನ ಗಡಿ ದಾಟಿದ್ದ ಸೊನ್ನೆ ಅಂಕದ ಗಾಡಿ ಒಂದೇ ಒಂದು. ದಿಲೀಪ್ ಎಂಬುವನ ಶವವಾಹನ. ಮೊದಮೊದಲು ದಾಟಿದಾಗಲೆಲ್ಲ ತಪಾಸಣೆಯಾಗಿದೆ, ಏನೂ ಸಿಕ್ಕಿಲ್ಲ, ಅದಕ್ಕೇ ಅಂಕ ಇಳಿಯುತ್ತಾ ಬಂದಿದೆ ಎಂದು ಲಾಸ್ಯ ವಿವರಿಸಿದಳು.

ಮೃತ್ಯುಂಜಯ ಚೆಕ್‌ಪೋಸ್ಟಿಗೆ ಫೋನ್ ಮಾಡಿದರು. ತೆಗೆದದ್ದು ಹೆಡ್ ಕಾನ್‌ಸ್ಟೇಬಲ್ ಮೂಗಯ್ಯ.

"ಆ ಗಾಡೀನ ಹೆಂಗೆ ತಪಾಸಣೆ ಮಾಡಿದ್ರಿ?"

"ಕೈಮುಗಿದ್ವಿ ಸಾರ್."

"ಆಮೇಲೆ?"

"ಅಷ್ಟೇಯ. ಎಣ ಮುಟ್ಟುದ್ರೆ ತಲೆಗೆ ನೀರುಯ್ಕಬೇಕಲ್ಲ, ಡ್ಯೂಟಿ ಮೇಲೆ ಎಂಗೆ?"

"ಜೊತೇಲಿ ಅಳೋರು ಯಾರಾದ್ರೂ ಇದ್ರಾ?"

"ಇರ್ನಿಲ್ಲ. ದಿಕ್ಕಿಲ್ಲದ್ದು, ಪಾಪ, ಅಂದ್ಕಂಡ್ವಿ."

ದಿಕ್ಕಿಲ್ಲದ ಹೆಣವನ್ನು ಗಡಿಯಾಚೆಗೆ ಯಾರು ಒಯ್ಯುತ್ತಾರೆ? ಇವತ್ತು ಬಂತೇ ಎಂದು ಮೃತ್ಯುಂಜಯ ಕೇಳಿದರು. ಅಗೋ, ಗೇಟಿನ ಹತ್ರ ಅದೆ ಎಂದ ಮೂಗಯ್ಯ. ಡ್ರೈವರನ್ನು ಇಳಿಸಿ ಹಿಡಿದುಕೊಳ್ಳಿ, ಹೆಣದ ಮೇಲಿನ ಬಟ್ಟೆ ಸರಿಸಿ ಎಂದರು ಇವರು. ದಾರಿಯಲ್ಲಿ ಹೆಣ ತಡೆಯಬಾರದು ಎಂದು ಆತ ಗೊಣಗಿದ.

"ಪಾಪ ನಂಗಿರ್ಲಿ. ಸರಿಸು."

ಹಿಂಬಾಗಿಲು ಕಿರುಗುಟ್ಟಿದ್ದು ಫೋನಿನಲ್ಲಿ ಕೇಳಿಸಿತು. ಲಾಸ್ಯ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಸಾರ್," ಮೂಗಯ್ಯನ ದನಿ ಕುಸಿದಿತ್ತು. "ಎಣ್ಣುಮಗ ಸಾರ್. ಅಣೇಗೆ ವಿಭೂತಿ ಬಳುದವ್ರೆ. ಮೂಗಿಗಿಟ್ಟಿರೋ ಅತ್ತಿ... ಅಲ್ಲಾಡ್ತಾ ಅದೆ."

ದಿಲೀಪನನ್ನು ಅಲ್ಲೇ ಬಂಧಿಸಲಾಯಿತು. ಪಂಚನಾಮೆಯಲ್ಲಿ ಹಾರ, ಬಿಳಿ ಬಟ್ಟೆ, ಮತ್ತಿನ ಔಷಧಿಯ ಸೀಸೆ ಸೇರಿದವು. ಹುಡುಗಿಯರನ್ನು ಮಾರಿದ್ದೆನೆಂದು ಅವನು ಬಾಯಿಬಿಟ್ಟ ವಿಳಾಸಕ್ಕೆ ಗಡಿಯಾಚೆಯ ಪೊಲೀಸರು ಸಂಜೆಯೊಳಗೆ ನುಗ್ಗಿದರು. ಉಳಿದ ಇಬ್ಬರೂ ಜೀವಂತ ಸಿಕ್ಕರು.

ಯಾಕೆ ಮಾಡಿದೆ ಎಂದು ಮೃತ್ಯುಂಜಯ ಕೇಳಿದಾಗ ದಿಲೀಪ್ ತಲೆ ಎತ್ತಲಿಲ್ಲ. ಕೊರೊನಾ ಕಾಲದಲ್ಲಿ ದಿಕ್ಕಿಲ್ಲದ ಹೆಣಗಳನ್ನೆಲ್ಲ ಹೊತ್ತವನು ಅವನೇ. ಬೀದಿಯವರು ನೀರು ಕೊಡಲಿಲ್ಲ, ಬಾಡಿಗೆ ಮನೆಯವರು ಸಾಮಾನು ಹೊರಗೆಸೆದರು.

"ಆಗ ನನ್ನ ಮುಖ ಯಾರೂ ನೋಡ್ಲಿಲ್ಲ ಸಾರ್," ಎಂದ. "ಈ ಗಾಡಿ ಒಳಗೂ ಯಾರೂ ನೋಡಲ್ಲ ಅಂತ ಗೊತ್ತಾಗೋಯ್ತು."

ಆಸ್ಪತ್ರೆಯಲ್ಲಿ ಚಲುವಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಂಡು ಮಗಳ ಹಣೆ ಒರೆಸುತ್ತಿದ್ದಳು. ಮೃತ್ಯುಂಜಯರನ್ನು ಕಂಡು ಕೈ ನಿಲ್ಲಿಸಿದಳು.

"ಬೆಳಿಗ್ಗೆ ನಿಮ್ಮ ಠಾಣೆ ಮುಂದೆ ಓಯ್ತಲ್ಲ ಸಾ, ಅದೇ ಗಾಡಿಯಾ?"

ಅವರು ಟೋಪಿ ತೆಗೆದು, ಹಾಗೇ ನಿಂತರು.