ತಮ್ಮನನ್ನು ಕೊಟ್ಟುಬಿಟ್ಟ ಕರಾರು

“ನನ್ನ ತಮ್ಮನನ್ನು ವಾಪಸ್ ಕೊಡು!” ಟಿವಿಯಲ್ಲಿ ರಾಜಕುಮಾರಿ ಅಳುತ್ತಿದ್ದಳು.

ಅದು ಕಾರ್ಟೂನಿನ ಎರಡನೇ ಭಾಗ. ಮೊದಲ ಭಾಗದಲ್ಲಿ ಅವಳೇ ಮಾಟಗಾತಿಗೆ ತಮ್ಮನನ್ನು ಒಪ್ಪಿಸಿ, ಬದಲಿಗೆ ಗದ್ದಲವೇ ಇಲ್ಲದ ಅರಮನೆ ಪಡೆದಿದ್ದಳು. ಆಗ ಭುವನೇಶ್ವರಿ ಚಪ್ಪಾಳೆ ತಟ್ಟಿದ್ದಳು. ಈಗ ನೋಡಲಾಗದೆ ಟಿವಿ ಆರಿಸಿಬಿಟ್ಟಳು.

ಇಂಡಿ ಪಟ್ಟಣದ ಆ ಪುಟ್ಟ ಮನೆ ಗಪ್‌ಚುಪ್ಪಾಯಿತು.

ಪರೀಕ್ಷೆಗೆ ಮುಂಚೆ ಅವಳೂ ಅವ್ವನ ಜೊತೆ ಕರಾರು ಮಾಡಿಕೊಂಡಿದ್ದಳು. “ಸಿದ್ದೂನ್ನ ಅಗರಖೇಡಕ್ಕ ಆಯಿ ಕಡೆ ಕಳಸು. ಗಣಿತದಾಗ ಛಲೋ ಮಾರ್ಕ್ಸ್ ತರ್ತೇನಿ.” ನಾಲ್ಕು ವರ್ಷದ ತಮ್ಮ ಸಿದ್ದಲಿಂಗ ಅವಳ ಪುಸ್ತಕದ ಮೇಲೆಯೇ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವ್ವ ಒಪ್ಪಿ ಅವನನ್ನು ಅಜ್ಜಿಯ ಊರಿಗೆ ಕಳಿಸಿದ್ದಳು. ಮಾರ್ಕ್ಸೂ ಬಂದಿತ್ತು.

“ಅವ್ವಾ, ಸಿದ್ದು ಯಾವಾಗ ಬರ್ತಾನ?”

“ಅವಾ ಒಲ್ಲೆ ಅನ್ನಾಕತ್ತಾನ. ಆಯಿ ಅಲ್ಲೇ ಅಂಗನವಾಡಿಗೆ ಹಾಕ್ತೇನಿ ಅಂದಾಳ.”

ಭುವನೇಶ್ವರಿ ಚಪ್ಪಲಿ ಮೆಟ್ಟಿಕೊಂಡೇಬಿಟ್ಟಳು. “ನಡಿಯವ್ವಾ, ಈಗ ಹೋಗೂಣು!”

ಅಗರಖೇಡದಲ್ಲಿ ಸಿದ್ದು ಅಂಗಳದಲ್ಲಿ ಜೋಳದ ದಂಟಿನ ಬಂಡಿ ಎಳೆಯುತ್ತಿದ್ದ. ಅಕ್ಕನನ್ನು ಕಂಡವನೇ ಆಯಿ ಚನ್ನವ್ವನ ಸೀರೆಯ ಹಿಂದೆ ಅಡಗಿದ.

“ನಾ ಬರೂದಿಲ್ಲ. ಅಕ್ಕಗ ನಾ ಬ್ಯಾಡಾಗೇನಿ. ಅವ್ವನ ಮುಂದ ಹೇಳಿದ್ದು ನಾ ಕೇಳೇನಿ.”

ಅಂದು ಅವನು ಬಾಗಿಲ ಮರೆಯಲ್ಲಿದ್ದನೇ? ಭುವನೇಶ್ವರಿಗೆ ಅದು ಹೊಳೆದೇ ಇರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಚಾಕೊಲೇಟು ಜೇಬಿನಲ್ಲಿತ್ತು. ತೋರಿಸಿದರೆ ಓಡಿ ಬರುತ್ತಾನೆ. ಆದರೆ ಅದೂ ಒಂದು ಕರಾರೇ ಅಲ್ಲವೇ? ಅವಳು ಖಾಲಿ ಕೈಯನ್ನೇ ಹೊರಗೆ ತೆಗೆದಳು. ತಮ್ಮನ ಎದುರು ಕುಕ್ಕರುಗಾಲಿನಲ್ಲಿ ಕೂತಳು.

“ಖರೇ ಐತಿ, ಹಂಗ ಅಂದಿದ್ದೆ. ತಪ್ಪಾತೋ ಸಿದ್ದು. ನೀ ಇಲ್ಲಂದ್ರ ಮನಿ ಭಣಭಣ ಅಂತೈತಿ. ಮನಸಿದ್ರ ಬಾ. ಇಲ್ಲಂದ್ರ ರವಿವಾರಕ್ಕೊಮ್ಮೆ ನಾನ ಬರ್ತೇನಿ.”

ಸೀರೆಯ ಅಂಚಿನಿಂದ ಒಂದು ಕಣ್ಣು ಇಣುಕಿತು.

“ಬುಕ್ಕಿನ ಮ್ಯಾಲ ಟ್ರ್ಯಾಕ್ಟರ್ ಹೊಡಿಲ್ಯಾ?”

“ಹಳೇ ಬುಕ್ಕಿನ ಮ್ಯಾಲ ಹೊಡಿ.”

“ಹೊಸಾದರ ಮ್ಯಾಲ?”

ಆಯಿ ಕಿಸಕ್ಕನೆ ನಕ್ಕುಬಿಟ್ಟಳು. “ಹೋಗಪಾ ಹೋಗು, ನಿಮ್ಮಕ್ಕ ಬಿಸಲಾಗ ಬಂದಾಳ.” ಸಿದ್ದು ಆಯಿಯ ಸೀರೆ ಬಿಟ್ಟ. ಆಮೇಲೆ ತಾನಾಗಿಯೇ ಬಂದು ಅವಳ ಕೊರಳಿಗೆ ಜೋತುಬಿದ್ದ. ಮೈಯೆಲ್ಲ ಮಣ್ಣು.

ವಾಪಸ್ ಬಸ್ಸಿನಲ್ಲಿ ಅವನು ಅಕ್ಕನ ತೋಳಿನ ಮೇಲೆಯೇ ನಿದ್ದೆ ಹೋದ. ಜೊಲ್ಲು ಸುರಿದು ಅವಳ ಫ್ರಾಕು ಒದ್ದೆಯಾಯಿತು. ಕೈ ಜೋಮು ಹಿಡಿಯಿತು.

“ಇತ್ಲಾಗ ಕೊಡು, ಕೈ ಸೋತಿರಬೇಕು,” ಎಂದಳು ಅವ್ವ.

“ಇರ್ಲಿ ಬಿಡವ್ವಾ.”

ಭುವನೇಶ್ವರಿ ಕೊಂಚ ವಾಲಿ ಕೂತಳು, ಕಿಟಕಿಯ ಬಿಸಿಲು ಅವನ ಮುಖಕ್ಕೆ ಬೀಳದಂತೆ.