ಎರಡನೆಯ ಹೆಸರು

ಕತ್ತಿನ ಹಿಂದೆ ಬಂದೂಕಿನ ನಳಿಕೆ. ಬಿಸಿಲಿಗೆ ಕಾದು ಚುರ್ ಎನ್ನುತ್ತಿತ್ತು.

"ಏನೋ ರಿಸ್ಸಾ, ನನ್ನ ಹೆಸರು ತೆಗೆಸಿದ್ಯಾ?"

ಕೇಳಿದವನು ಗುಮೂರ್. ಒಂದು ಕಾಲದಲ್ಲಿ ಅವನೂ ನಾನೂ ಒಟ್ಟಿಗೆ ನಮ್ಮೂರು ಅರ್ಲಿತ್‌ನಿಂದ ಪ್ರವಾಸಿಗಳನ್ನು ಸಹಾರಾದೊಳಗೆ ಕರೆದೊಯ್ಯುತ್ತಿದ್ದೆವು. ಆಮೇಲೆ ಅವನು ಅವರನ್ನು ವಾಪಸ್ ಕರೆತರುವುದನ್ನು ನಿಲ್ಲಿಸಿದ!

ವಿಶ್ವಸಂಸ್ಥೆ ಅವನ ಹೆಸರನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಬ್ಯಾಂಕಿನಲ್ಲಿದ್ದದ್ದೆಲ್ಲ ಜಪ್ತಿ. ಯಾವ ದೇಶವೂ ಒಳಗೆ ಬಿಟ್ಟುಕೊಳ್ಳುವಂತಿಲ್ಲ. ಅವನಿಗೆ ಡೀಸೆಲ್ ಮಾರಿದವನಿಗೂ ಅದೇ ಗತಿ! ಹಾಗಾಗಿ ಈ ಸಲ ಗುಮೂರ್ ದುಡ್ಡು ಕೇಳಲಿಲ್ಲ. ಸ್ವಿಟ್ಜರ್ಲೆಂಡಿನ ವ್ರೆನಿ ಎಂಬ ಹೆಂಗಸನ್ನು ಹೊತ್ತೊಯ್ದ. ನನ್ನ ಹೆಸರು ತೆಗೆಯಿರಿ, ಇಲ್ಲವೇ ಹೆಣ ತಗೊಂಡು ಹೋಗಿ ಎಂದ. ಅವನ ಜೊತೆ ಮಾತಾಡಲು ಅವಳ ತಮ್ಮ ಹುಡುಕಿದ್ದು ನನ್ನನ್ನು.

ವ್ರೆನಿ ಬಂಡೆಯ ನೆರಳಿನಲ್ಲಿ ಕುಳಿತಿದ್ದಳು. ಅರವತ್ತರ ಆಸುಪಾಸು. ತುಟಿ ಒಡೆದಿತ್ತು. ಕೈ ಕಟ್ಟಿದ್ದರು. ಅವಳು ಅಳುತ್ತಿರಲಿಲ್ಲ... ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ತೆಗೆಯಲ್ಲ ಅಂದ್ರು," ಎಂದೆ.

ನಳಿಕೆ ಇನ್ನಷ್ಟು ಒತ್ತಿತು.

"ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ? ಸಾಯೋಕೆ ಅರ್ಲಿತ್‌ನಲ್ಲಿ ಜಾಗ ಸಿಗಲಿಲ್ವಾ?"

ಸುತ್ತಲಿದ್ದ ಅವನ ಕಡೆಯವರು ಹೋ ಎಂದು ನಕ್ಕರು. ಆಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ನಿನ್ನದು ಹಾಗಿರಲಿ. ಇನ್ನೊಂದು ಹೆಸರು ಸೇರಿಸ್ತಿದ್ದಾರೆ... ಇಲ್ಲೇ ಇರೋ ಒಬ್ಬನದು."

ಅಪ್ಪಟ ಸುಳ್ಳು!

ನಗು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರದು?" ಗುಮೂರ್ ಗುರುಗುಟ್ಟಿದ.

"ಯಾರದಾದ್ರೆ ನಿನಗೇನು? ನಿನ್ನದಂತೂ ಆಗಲೇ ಇದೆಯಲ್ಲ."

ಅವನು ನಳಿಕೆ ತೆಗೆದು, ಸ್ಯಾಟಲೈಟ್ ಫೋನ್ ಎತ್ತಿಕೊಂಡ. "ಗುಡ್ಡದ ಮೇಲೆ ಹೋಗಿ ವಿಚಾರಿಸ್ತೀನಿ. ಸುಳ್ಳಾಗಿದ್ರೆ ಇಬ್ಬರಿಗೂ ಒಂದೇ ಗುಂಡಿ. ಅತ್ತಾಹೆರ್, ಇವನ ಮೇಲೆ ಕಣ್ಣಿಟ್ಟಿರು!"

ಅತ್ತಾಹೆರ್ ಅವನ ಬಲಗೈ. ಗುಮೂರ್ ಮರೆಯಾಗುತ್ತಲೇ ಉಳಿದವರನ್ನೂ ಮೇಲಕ್ಕೆ ಕಳಿಸಿದ. "ಹೋಗ್ರೋ, ಅವನ ಜೊತೆಗಿರಿ!" ಆಮೇಲೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

"ಅಣ್ಣ... ನಂದಾ ಅದು?"

ನಾನು ವ್ರೆನಿಯ ಕೈಯ ಹಗ್ಗದತ್ತ ನೋಡಿದೆ.

"ಗಡಿಯಾಚೆ ನನ್ನ ಹೆಂಡತಿ ಬಟ್ಟೆ ಅಂಗಡಿ ಇಟ್ಟಿದ್ದಾಳೆ ಅಣ್ಣ. ನನ್ನ ಹೆಸರು ಬಂದ್ರೆ ಅದಕ್ಕೂ ಬೀಗ!"

"ಈ ಹೆಂಗಸನ್ನ ಬಿಡಿಸಿದವನು ನೀನು ಅಂತ ನಾನು ಸಾಕ್ಷಿ ಹೇಳ್ತೀನಿ. ಗಾಡಿ ಕೀ ಎಲ್ಲಿ?"

ಅವನು ಗುಡ್ಡದತ್ತ ನೋಡಿದ. ನನ್ನತ್ತ ನೋಡಿದ. ಚಾಕು ತೆಗೆದ. ನಾನು ಹಿಂದಕ್ಕೆ ಸರಿದೆ...

ವ್ರೆನಿಯ ಕೈಯ ಹಗ್ಗ ಕತ್ತರಿಸಿದ!

ಪಿಕಪ್ ಹೊರಡುತ್ತಲೇ ಗುಡ್ಡದ ಮೇಲಿನಿಂದ ಗುಂಡಿನ ಮಳೆ. ಹಿಂದಿನ ಗಾಜು ಚೂರುಚೂರು! ನಾನು ವ್ರೆನಿಯ ತಲೆಯನ್ನು ಸೀಟಿನ ಕೆಳಗೆ ಅದುಮಿ ಹಿಡಿದೆ. ಅತ್ತಾಹೆರ್‌ನ ಭುಜಕ್ಕೆ ಗುಂಡು ಬಿತ್ತು. ಒಂಟಿ ಕೈಯಲ್ಲೇ ಸ್ಟೇರಿಂಗ್ ತಿರುಗಿಸಿದ.

"ಬರ್ತಿದ್ದಾನಾ ಅಣ್ಣ?"

"ಹಿಂದೆ ನೋಡಬೇಡ. ಒತ್ತು!"

ಬರುತ್ತಿದ್ದ, ಇನ್ನೊಂದು ಗಾಡಿಯಲ್ಲಿ. ಧೂಳಿನ ಗೋಡೆಯೊಂದು ನಮ್ಮ ಬೆನ್ನಿಗೇ ಅಂಟಿ ಬರುತ್ತಿತ್ತು. ಬತ್ತಿದ ಹೊಳೆಯ ದಡದಲ್ಲಿ ಅತ್ತಾಹೆರ್ ಗಕ್ಕನೆ ಎಡಕ್ಕೆ ತಿರುಗಿಸಿದ. ಗುಮೂರ್ ತಿರುಗಿಸಲಿಲ್ಲ. ಅವನ ಗಾಡಿ ದಡದಿಂದ ಹಾರಿ ತಲೆಕೆಳಗಾಗಿ ಬಿತ್ತು. ಬೆಂಕಿ ಹತ್ತಿಕೊಂಡಿತು...

ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಗುಮೂರ್ ಕೇಳಿದ್ದು ಅವನಿಗೆ ಸಿಕ್ಕಿತು.

ವ್ರೆನಿ ಊರು ಸೇರಿದಳು. ಕೇಳಿದವರಿಗೆಲ್ಲ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ತನ್ನನ್ನು ಜೀಪಿನಿಂದ ಕೂದಲು ಹಿಡಿದು ಎಳೆದದ್ದು ಯಾರು, ಚಾಲಕನನ್ನು ಕೊಂದದ್ದು ಯಾರು... ಎರಡಕ್ಕೂ ಅತ್ತಾಹೆರ್ ಎಂದಳು. ಕೊನೆಗೆ ಹಗ್ಗ ಕತ್ತರಿಸಿದ್ದೂ ಅವನೇ ಎಂದಳು. ನಾನೂ ಸಾಕ್ಷಿ ಹೇಳಿದೆ. ಆದರೂ ಅವನ ಹೆಸರು ಪಟ್ಟಿಗೆ ಸೇರಿತು. ಅದು ತಪ್ಪು ಎಂದು ನಾನು ಹೇಳಲಾರೆ. ಆ ಚಾಲಕನ ತಾಯಿ ನಮ್ಮ ಬೀದಿಯವಳು.

ಅಷ್ಟರಲ್ಲಿ ಅತ್ತಾಹೆರ್ ಆಸ್ಪತ್ರೆಯಿಂದ ಪರಾರಿಯಾಗಿದ್ದ.

ಒಂದು ಮಧ್ಯಾಹ್ನ ನನ್ನ ಮನೆ ಬಾಗಿಲಿಗೆ ಬಂದ. ಸೊರಗಿದ್ದ. ಒಂದು ಕೈ ಜೋತುಬಿದ್ದಿತ್ತು.

"ಅಂಗಡಿಗೆ ಬೀಗ ಬಿತ್ತು ಅಣ್ಣ. ಹೆಂಡತಿ ತವರಿಗೆ ಹೋದ್ಲು. ಹೆಸರು ತೆಗೆಸೋಕೆ ಏನ್ಮಾಡ್ಬೇಕು?"

"ಅರ್ಜಿ ಹಾಕು. ನಾನೂ ಜೊತೆಗಿರ್ತೀನಿ. ಕಾಯ್ಬೇಕಾಗುತ್ತೆ, ಅಷ್ಟೆ."

"ಕಾಯೋಕೆ ನನ್ನಿಂದಾಗಲ್ಲ."

ಬೀದಿಯಲ್ಲಿ ಅವನ ಗಾಡಿಯ ಎಂಜಿನ್ ಓಡುತ್ತಲೇ ಇತ್ತು. ಒಳಗಿನಿಂದ ಯಾರೋ ತಗಡನ್ನು ದಬದಬ ಒದೆಯುತ್ತಿದ್ದರು.

ನಾನು ಗಾಡಿಯತ್ತ ಬಗ್ಗಿ ನೋಡಿದೆ. "ಯಾರೋ ಅದು?"

"ಇಟಲಿಯವರಂತೆ. ಗಂಡ ಹೆಂಡತಿ," ಎಂದ ಅತ್ತಾಹೆರ್. "ಅವರ ಕಡೆಯವರ ಹತ್ರ ನೀನೇ ಮಾತಾಡು ಅಣ್ಣ. ನಿನಗೆ ಅಭ್ಯಾಸ ಇದೆಯಲ್ಲ!"