ಸೋತವರೇ ಮೊದಲು ಫೋನ್ ಮಾಡಬೇಕು

"ನನ್ನ ಹೆಸರೂ ಬರ್ಕೊಳ್ಳಿ!"

ಜಂಗಮವಾಡಿ ಮಠದ ಸಭಾಂಗಣದಲ್ಲಿ ಸೇರಿದ್ದ ಹೊರನಾಡ ಕನ್ನಡ ಸಂಘದವರೆಲ್ಲ ತಿರುಗಿ ನೋಡಿದರು. ಡಾಕ್ಟರ್ ಈಶ ಇನ್ನೇನು ಅವಿರೋಧವಾಗಿ ಅಧ್ಯಕ್ಷನಾಗುವುದರಲ್ಲಿದ್ದ. ಅಷ್ಟರಲ್ಲಿ ಎದ್ದು ನಿಂತಿದ್ದಳು ದಾಕ್ಷಾಯಣಿ!

ಅವಳನ್ನು ಕಂಡು ಅವನು ನಕ್ಕ ಬೇರೆ... ಪುಣ್ಯಾತ್ಮ!

'ನಗು, ನಗು. ಆರು ತಿಂಗಳ ಹಿಂದೆ ನನ್ನನ್ನು ನೋಡಿಕೊಂಡು ಹೋಗಿ ಬೇಡ ಅಂದವನಲ್ವಾ ನೀನು? ಇಷ್ಟೂ ಜನರ ಮುಂದೆ ನಿನ್ನ ಮುಖ ಸಪ್ಪೆ ಮಾಡದಿದ್ರೆ ಕೇಳು!'

ಅಲ್ಲ, ಎರಡು ದಿನ ಅತ್ತು ಸುಮ್ಮನಾಗುವ ಹುಡುಗಿಯೇ ಅವಳು? ಅಮೆರಿಕದ ಅಧ್ಯಕ್ಷರ ಚುನಾವಣಾ ಪ್ರಚಾರದ ಪುಸ್ತಕ ಸಿಕ್ಕರೆ ಊಟ ಬಿಟ್ಟು ಓದುವವಳು. ಅದರ ಮೇಲೇ ಪಿಎಚ್.ಡಿ. ಕೂಡ ಮಾಡುತ್ತಿದ್ದಳು. ಯಾರು ಯಾವ ಊರಿನಲ್ಲಿ ಯಾರ ಅಡುಗೆಮನೆಯಲ್ಲಿ ಕೂತು ವೋಟು ಕೇಳಿದರು, ಎದುರಾಳಿಯ ಯಾವ ತಪ್ಪನ್ನು ಹಿಡಿದು ಜಗ್ಗಿದರು, ಎಲ್ಲ ಬಾಯಿಪಾಠ.

ಅದೆಲ್ಲ ಈಗ ಕೆಲಸಕ್ಕೆ ಬಂತು. ಕನ್ನಡದವರ ಮನೆ ಒಂದನ್ನೂ ಬಿಡದೆ ಹತ್ತಿ ಇಳಿದಳು.

"ಯುಗಾದಿಗೆ ಬೇವುಬೆಲ್ಲ ಹಂಚೋಕೂ ಬರದವರು ಅಧ್ಯಕ್ಷರಾಗ್ತಾರಂತೆ!"

ಕೇದಾರ ಘಾಟಿನ ಇಡ್ಲಿ ಹೋಟೆಲ್ಲಿನ ಕಮಲಾದೇವಿ ಸೌಟು ಕೆಳಗಿಟ್ಟರು.

"ಅರೇ ಬೇಟಿ, ಆವತ್ತು ನಮ್ಮ ಯಜಮಾನ್ರು ಎದೆ ಹಿಡ್ಕೊಂಡು ಬಿದ್ದಿದ್ರು. ಡಾಕ್ಟರ್ ಸಾಹೇಬ್ರು ದಿನವಿಡೀ ಆಸ್ಪತ್ರೇಲಿ ಅವರ ಪಕ್ಕದಲ್ಲೇ ಇದ್ರು."

ದಾಕ್ಷಾಯಣಿಗೆ ಕೆನ್ನೆಗೆ ಹೊಡೆದಂತಾಯಿತು. ಆ ಮಾತನ್ನು ಮತ್ತೆಲ್ಲೂ ಆಡಲಿಲ್ಲ. ಆದರೆ ಹಟ ಬಿಡಲಿಲ್ಲ. 'ಊರಿಗೆಲ್ಲ ದೇವರು! ನನಗೆ ಮಾತ್ರ...'

ಭಾನುವಾರ ಮಧ್ಯಾಹ್ನ ಎಣಿಕೆ ಮುಗಿಯಿತು. ಈಶನಿಗೆ ಮೂವತ್ತೊಂದು, ದಾಕ್ಷಾಯಣಿಗೆ ಇಪ್ಪತ್ತೊಂಬತ್ತು!

ಮನೆಗೆ ಬಂದು ಬಾಗಿಲು ಹಾಕಿಕೊಂಡವಳಿಗೆ ಅಳು ಉಕ್ಕಿ ಬಂತು. ಅವಳು ಓದಿದ ಪುಸ್ತಕಗಳಲ್ಲಿ ಸೋತವರು ತಾವೇ ಗೆದ್ದವರಿಗೆ ಫೋನ್ ಮಾಡಿ ಅಭಿನಂದಿಸುತ್ತಿದ್ದರು. ಹಾಗೆ ಮಾಡದವರನ್ನು ಅವಳೇ ಎಷ್ಟು ಬೈದಿದ್ದಳೋ! ಹಲ್ಲು ಕಚ್ಚಿಕೊಂಡು ನಂಬರ್ ಒತ್ತಿದಳು.

"ಅಭಿನಂದನೆ."

"ಥ್ಯಾಂಕ್ಸ್ ಕಣ್ರೀ... ಅಳ್ತಾ ಇದೀರಾ?"

"ಅತ್ತರೆ ನಿಮಗೇನು? ಬೇಡ ಅಂದ ಹುಡುಗಿ ಸೋತಳು ಅಂತ ಸಿಹಿ ಹಂಚಿ!"

"ಬೇಡ ಅಂದದ್ದು ಯಾರು... ನಾನಾ?!"

"ಮತ್ತೆ? ಈಗಲೇ ಮದುವೆ ಯೋಚನೆ ಇಲ್ಲ ಅಂತ ಸಂಬಂಧ ತಂದ ಗುರುಶಾಂತಯ್ಯನವರ ಕೈಲಿ ಹೇಳಿ ಕಳಿಸ್ಲಿಲ್ವಾ?"

"ಹೌದು! ನಿಮ್ಮ ಥೀಸಿಸ್ ಅರ್ಧಕ್ಕೆ ನಿಲ್ಲಬಾರದು, ಮುಗಿಯೋವರೆಗೆ ಕಾಯ್ತೀನಿ ಅಂತಾನೂ ಹೇಳಿದ್ದೆನಲ್ರೀ..."

ಅಯ್ಯೋ ಶಿವನೇ! ಹುಡುಗಿ ಒಪ್ಪಿಗೆಯಾಗದಿದ್ದರೆ ನಮ್ಮಲ್ಲಿ ಯಾರು ಬಾಯಿಬಿಟ್ಟು ಬೇಡ ಅನ್ನುತ್ತಾರೆ? 'ಈಗಲೇ ಯೋಚನೆ ಇಲ್ಲ' ಎಂದೇ ತಪ್ಪಿಸಿಕೊಳ್ಳುತ್ತಾರೆ. ಅವಳ ಅಪ್ಪ ಅಷ್ಟು ಕೇಳಿದ್ದೇ, ಮುಂದಿನದನ್ನು ಕೇಳದೆ ಗುರುಶಾಂತಯ್ಯನವರಿಗೆ ಕೈಮುಗಿದು ಕಳಿಸಿಬಿಟ್ಟಿದ್ದರು.

"ಆರು ತಿಂಗಳಲ್ಲಿ ಒಂದು ಮಾತಾದ್ರೂ ಆಡಬಾರದಿತ್ತಾ ನೀವು?"

"ಓದಿಗೆ ತೊಂದರೆ ಅಂತ ಸುಮ್ಮನಿದ್ದೆ. ನನ್ನೆದುರು ನಿಂತದ್ದೂ ಥೀಸಿಸ್ ಕೆಲಸ ಅಂದ್ಕೊಂಡಿದ್ದೆ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. 'ಪೆದ್ದು ಡಾಕ್ಟರು!'

"ಅದು ಮುಗಿಯೋಕೆ ಇನ್ನೆಷ್ಟು ದಿನ, ದಾಕ್ಷಾಯಣಿ?"

ಆರು ತಿಂಗಳು ಬೆಂದವಳು. ಸುಮ್ಮನೆ ಬಿಟ್ಟಾಳೇ?

"ಎರಡು ವರ್ಷ!"

ಆ ಕಡೆಯ ದನಿ ಸಣ್ಣಗಾಯಿತು.

"ಆಯ್ತು... ಕಾಯ್ತೀನಿ."

ಸೇಡು ತೀರಿತು. ತೀರಿದ ಮೇಲೆ ಅವಳಿಗೇ ತಡೆಯಲಾಗಲಿಲ್ಲ.

"ರೀ... ಥೀಸಿಸ್ ನಿಮ್ಮನೇಲಿ ಕೂತೂ ಬರೀಬಹುದು!"